ಒಂದು ಲೋಟ ಎಣ್ಣೆ ಮತ್ತು ಹರಿಹರದ ಹೋತಗಳು

ಹೋದ ತಿಂಗಳು ದಾವಣಗೆರೆಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ತರಬೇತಿ ನಡೆಯಿತು. ನಿವೃತ್ತರ ಅನುಭವವೂ ಒಂದಿಷ್ಟು ಕಿವಿಗೆ ಬೀಳಲಿ ಎಂದು ನನ್ನನ್ನೂ ಕರೆದಿದ್ದರು. ಶಾಲು ಹೊದಿಸಿ, ಹತ್ತು ನಿಮಿಷ ಮಾತಾಡಿ ಎಂದರು. ಆರನೇ ನಿಮಿಷಕ್ಕೆ ಪಕ್ಕದ ಕೋಣೆಯಿಂದ ಸಾರಿನ ವಾಸನೆ ಬಂತು, ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿದವು. ನನಗೂ ಹಸಿವಾಗಿತ್ತು, ಮಾತು ಮುಗಿಸಿದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಹೊಟ್ಟೆ ತುಂಬಿದ ಮೇಲೆ ಓದಿಕೊಳ್ಳಲಿ.

ನಾನು ಪಶು ಆಸ್ಪತ್ರೆಗಳಲ್ಲಿ ಪರೀಕ್ಷಕಿಯಾಗಿ ಮೂವತ್ತೈದು ವರ್ಷ ದುಡಿದವಳು. ಡಾಕ್ಟರಲ್ಲ. ಡಾಕ್ಟರು ಬರೆದ ಔಷಧಿ ಕೊಡುವುದು, ಚುಚ್ಚುಮದ್ದು ಹಾಕುವುದು, ದನ ಕುರಿ ಆಡುಗಳ ಲೆಕ್ಕ ಬರೆಯುವುದು, ಸ್ಕೀಮು ಬಂದಾಗ ಓಣಿ ಓಣಿ ತಿರುಗಿ ತಿಳಿಸಿ ಹೇಳುವುದು ನನ್ನ ಕೆಲಸ. "ನಾನು ಡಾಕ್ಟರ್ ಅಲ್ರಿ" ಎಂದು ಮೊದಲ ಎರಡು ವರ್ಷ ಎಲ್ಲರಿಗೂ ಹೇಳಿದೆ. "ಇರ್ಲಿ ಬಿಡ್ರಿ ಡಾಕ್ಟ್ರಮ್ಮ" ಎಂದೇ ಉತ್ತರ ಬರುತ್ತಿತ್ತು. ಆಮೇಲೆ ಹೇಳುವುದನ್ನು ಬಿಟ್ಟೆ. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿ ಯಾವ ಹೋತವೂ ದಪ್ಪವಾಗುವುದಿಲ್ಲ.

ಹೋತದ ಮಾತು ಯಾಕೆ ಬಂತೆಂದರೆ, ನನ್ನ ಸರ್ವಿಸಿನಲ್ಲಿ ಹೆಚ್ಚು ಕಲಿಸಿದ್ದೂ ಹೆಚ್ಚು ಕಾಡಿದ್ದೂ ಗಂಡು ಆಡುಗಳೇ. ಅವುಗಳ ಮೈ ಬೆಳೆಸುವುದು ಸುಲಭ ಎಂದು ಎಲ್ಲರಿಗೂ ಅನಿಸುತ್ತದೆ. ಹಾಲು ಕರೆಯಬೇಕಿಲ್ಲ, ಬಾಣಂತನ ಮಾಡಬೇಕಿಲ್ಲ, ತಿನ್ನಿಸಿದರಾಯಿತು ಎಂಬ ಲೆಕ್ಕಾಚಾರ. ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು ಎಂಬಲ್ಲಿಯೇ ಎಲ್ಲ ಇರುವುದು.

ನನ್ನ ಮೊದಲ ಪೋಸ್ಟಿಂಗು ಹದಡಿ. ಆಗ ಅಲ್ಲಿ ಹನ್ನೆರಡು ಹೋತದ ಮರಿಗಳಿಗೆ ಹಿಂಡಿ, ಬೂಸಾ ಕೊಟ್ಟು ಬೆಳವಣಿಗೆ ನೋಡುವ ಒಂದು ಕಾರ್ಯಕ್ರಮ ನಡೆಯುತ್ತಿತ್ತು. ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡುವುದು ನನ್ನ ಪಾಲಿನ ಕೆಲಸ. ಮರಿಯನ್ನು ಗೋಣಿಚೀಲದಲ್ಲಿ ಕೂರಿಸಿ, ಕತ್ತು ಮಾತ್ರ ಹೊರಗೆ ಬಿಟ್ಟು, ಮರದ ಕೊಂಬೆಗೆ ಕಟ್ಟಿದ ಸ್ಪ್ರಿಂಗ್ ತಕ್ಕಡಿಗೆ ನೇತು ಹಾಕುತ್ತಿದ್ದೆವು. ಸುತ್ತ ನಿಂತ ಹೆಂಗಸರಿಗೆ ಅದೊಂದು ಪುಕ್ಕಟೆ ನಾಟಕ. ನಾನು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದುದರಿಂದ ಮರಿಗಳು ಮೇಯ್ದು, ನೀರು ಕುಡಿದು ಬಂದ ಮೇಲೆ ತೂಗುತ್ತಿದ್ದೆ. ಒಂದು ಸಲ ಎಲ್ಲವೂ ಧಾರಾಳವಾಗಿ ಏರಿದ್ದವು. ನಾನು ಹಿಗ್ಗಿ ಸಾಹೇಬರಿಗೆ ವರದಿ ಕಳಿಸಿದೆ. ಮುಂದಿನ ಸಲ ಎಲ್ಲವೂ ಇಳಿದಿದ್ದವು. ಗಾಬರಿಯಾಗಿ "ರೋಗದ ಶಂಕೆ" ಎಂದು ಬರೆದು ಹನ್ನೆರಡಕ್ಕೂ ಜಂತುಹುಳದ ಔಷಧಿ ಕುಡಿಸಿದೆ.

ಆಸ್ಪತ್ರೆಯಲ್ಲಿ ಹಾಲಪ್ಪ ಎಂಬ ಅಟೆಂಡರ್ ಇದ್ದ. ವಯಸ್ಸಾಗಿತ್ತು, ಆಡು ಮೇಯಿಸಿಕೊಂಡೇ ಬೆಳೆದವನು. ನಾನು ಔಷಧಿ ಕುಡಿಸುವುದು ಮುಗಿಯುವವರೆಗೂ ಮರಿಗಳ ಕತ್ತು ಹಿಡಿದುಕೊಂಡಿದ್ದು, ಕೊನೆಗೆ ಕೈ ತೊಳೆಯುತ್ತ ಹೇಳಿದ.

"ಅಮ್ಮಾರೆ, ಹೋದ ಸಲ ನೀವು ತೂಗಿದ್ದು ಹ್ವಾತನ ಅಲ್ಲ, ಕೆರಿ ನೀರನ್ನ. ಇವತ್ತು ಇವು ನೀರು ಕುಡ್ದಿಲ್ಲ."

"ಮೊದ್ಲೇ ಹೇಳ್ಬಾರ್ದಾ ಹಾಲಪ್ಪ?"

"ನೀವು ಕೇಳ್ಲಿಲ್ಲಲ್ರಿ."

ಅಂದಿನಿಂದ ಬೆಳಿಗ್ಗೆ ನೀರು ಮೇವು ಮುಟ್ಟುವ ಮೊದಲೇ ತೂಗುವುದನ್ನು ಕಲಿತೆ. ಸಂತೆಗೆ ಹೋತ ತರುವವರಲ್ಲಿ ಕೆಲವರು ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸುತ್ತಾರೆ ಎಂಬುದು ಕೊಳ್ಳುವವರಿಗೆಲ್ಲ ಗೊತ್ತು. ಅವರು ಬೇಕೆಂದೇ ಮಾಡುವ ಮೋಸವನ್ನು ನಾನು ತಿಳಿಯದೆ ಮಾಡಿ ಸರ್ಕಾರಕ್ಕೆ ಕಳಿಸಿದ್ದೆ, ಅಷ್ಟೇ ವ್ಯತ್ಯಾಸ.

ಹಾಲಪ್ಪ ಕಲಿಸಿದ ಇನ್ನೊಂದು ಸಂಗತಿ ಇದೆ. "ಹೊಟ್ಟಿ ನೋಡಬ್ಯಾಡ್ರಿ, ಬಾಯಿ ನೋಡ್ರಿ" ಎನ್ನುತ್ತಿದ್ದ. ಮೇಯ್ದ ಆಡು ನೆರಳಲ್ಲಿ ಕೂತು ಮೆಲುಕು ಹಾಕಬೇಕು. ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ ಎಂದು ಅವನು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದ. ಅಗಿಯುವುದು ಕಡಿಮೆಯಾದರೆ ಎರಡು ದಿನದಲ್ಲಿ ಆ ಪ್ರಾಣಿ ಮಲಗುತ್ತದೆ ಎಂದು ಹೇಳುತ್ತಿದ್ದ, ಹಾಗೆಯೇ ಆಗುತ್ತಿತ್ತು. ಒಮ್ಮೆ ಮೆಲುಕು ನಿಂತ ಒಂದು ಹೋತಕ್ಕೆ, ಗಟ್ಟಿಮುಟ್ಟಾದ ಇನ್ನೊಂದರ ಬಾಯಿಗೆ ಬೆರಳು ಹಾಕಿ ಅದು ಅಗಿಯುತ್ತಿದ್ದ ಉಂಡೆಯನ್ನೇ ಕಿತ್ತು ತಂದು ತುರುಕಿದ. ನಾನು ಮುಖ ಸಿಂಡರಿಸಿ ನೋಟ್ ಪುಸ್ತಕದಲ್ಲಿ "ಅವೈಜ್ಞಾನಿಕ" ಎಂದು ಬರೆದುಕೊಂಡೆ. ಹದಿನೈದು ವರ್ಷದ ಮೇಲೆ ಒಂದು ತರಬೇತಿಯಲ್ಲಿ ಅದನ್ನೇ ಉದ್ದನೆಯ ಇಂಗ್ಲಿಷ್ ಹೆಸರಿಟ್ಟು ಕಲಿಸಿದರು. ಒಳ್ಳೆಯ ಹೊಟ್ಟೆಯಲ್ಲಿ ಮೇವು ಕೊಳೆಸುವ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಇರುತ್ತವೆ, ಅವು ಸತ್ತ ಹೊಟ್ಟೆಗೆ ಬೇರೆ ಹೊಟ್ಟೆಯಿಂದ ತಂದು ಹಾಕಬಹುದು ಎಂದರು. ಅಷ್ಟರಲ್ಲಿ ಹಾಲಪ್ಪ ತೀರಿಕೊಂಡಿದ್ದ. ಅವನ ಬಳಿ ತಪ್ಪಾಯಿತು ಎನ್ನುವ ಅವಕಾಶ ನನಗೆ ಸಿಗಲಿಲ್ಲ.

ನಮ್ಮ ಮನೆಯ ವಿಷಯವನ್ನೂ ಸ್ವಲ್ಪ ಹೇಳಬೇಕು. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಲಿಂಗ ಕಟ್ಟಿದ ಮನೆ, ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಸಂಜೆ ಬಂದ ಕೂಡಲೇ ಸ್ನಾನ ಮಾಡಿಯೇ ಅಡುಗೆಮನೆಗೆ ಹೋಗಬೇಕೆಂದು ನಮ್ಮತ್ತೆ ಮೊದಲ ದಿನವೇ ಹೇಳಿದ್ದರು. "ಕೊಬ್ಬಿಸಿ ಕೊಬ್ಬಿಸಿ ಕಟುಕರ ಕೈಗೆ ಕೊಡೋ ಕೆಲ್ಸಕ್ಕೆ ಸರ್ಕಾರ ಸಂಬ್ಳ ಬ್ಯಾರೆ ಕೊಡ್ತೈತಾ?" ಎಂದು ಕೇಳುತ್ತಿದ್ದರು. ನಾನು ಅದಕ್ಕೆ ಎಂದೂ ಸರಿಯಾದ ಉತ್ತರ ಕೊಟ್ಟಿಲ್ಲ. ನಾನು ತಿನ್ನುವುದಿಲ್ಲ, ತಿನ್ನುವವರ ಮೇಲೆ ನನಗೆ ಸಿಟ್ಟೂ ಇಲ್ಲ. ಇರುವಷ್ಟು ದಿನ ಆ ಪ್ರಾಣಿಗೆ ಹೊಟ್ಟೆನೋವು ಬರಬಾರದು ಎಂಬಷ್ಟು ಮಾತ್ರ ನನ್ನ ಧರ್ಮ.

ಕೆಲಸದ ರೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ಶಾಮನೂರಿನ ಕಡೆ ಹೊಲಗಳಿದ್ದಾಗ ಆಡು ಬದುವಿನ ಮೇಲೆ ಮೇಯ್ದು, ಜಾಲಿ ಬೇವು ಕಿತ್ತು ತಿಂದು, ಯಾರ ಉಪದೇಶವೂ ಇಲ್ಲದೆ ಬೆಳೆಯುತ್ತಿತ್ತು. ಲೇಔಟುಗಳು ಬಂದ ಮೇಲೆ ಹೋತಗಳನ್ನು ಮನೆಯ ಮುಂದೆ ಗೂಟಕ್ಕೆ ಕಟ್ಟಿದರು. ಸೊಪ್ಪು ತರಲು ದೂರ ಹೋಗಬೇಕು, ಮೆಕ್ಕೆಜೋಳದ ನುಚ್ಚು ಮಾತ್ರ ಅಂಗಡಿಯಲ್ಲೇ ಸಿಗುತ್ತದೆ. ನಾರು ಕಡಿಮೆಯಾಯಿತು, ಕಾಳು ಹೆಚ್ಚಾಯಿತು. ಅಲ್ಲಿಯ ಒಂದು ಮನೆಯವರು ಬೀಜ ಒಡೆಸಿದ ಹೋತವೊಂದನ್ನು ಬರೀ ನುಚ್ಚು ಬೂಸಾ ಹಾಕಿ ಸಾಕಿದ್ದರು. ಅದು ಒಂದು ದಿನ ತಿಣುಕುತ್ತ, ಬೆನ್ನು ಬಾಗಿಸಿ ನಿಂತುಕೊಂಡಿತು. ಮಲಬದ್ಧತೆ ಎಂದು ಮನೆಯವರು ಹರಳೆಣ್ಣೆ ಕುಡಿಸಿದ್ದರು. ನಾನೂ ಹಾಗೇ ತಿಳಿದು ಅದಕ್ಕೇ ಔಷಧಿ ಕೊಟ್ಟು ಅರ್ಧ ದಿನ ಕಳೆದೆ. ಡಾಕ್ಟರು ಬಂದು ನೋಡಿದರೆ ಮೂತ್ರದ ದಾರಿಯಲ್ಲಿ ಹರಳು ಸಿಕ್ಕಿಕೊಂಡಿತ್ತು. ಗಂಡು ಆಡಿನ ಆ ದಾರಿ ಉದ್ದ, ಸಪೂರ, ತಿರುವುಗಳದ್ದು. ಕಾಳು ಹೆಚ್ಚಾಗಿ ನಾರು, ನೀರು ಕಡಿಮೆಯಾದರೆ ಹರಳು ಕಟ್ಟುವ ಭಯ ಹೆಣ್ಣಿಗಿಂತ ಗಂಡಿಗೇ ಹೆಚ್ಚು. ಆ ಹೋತ ಉಳಿಯಲಿಲ್ಲ. ಬೆಳಿಗ್ಗೆಯೇ ಡಾಕ್ಟರಿಗೆ ಫೋನು ಮಾಡಿದ್ದರೆ ಉಳಿಯುತ್ತಿತ್ತೋ ಏನೋ. ನಿಮಗೆ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದು ಬೇಗ ಹೇಳಿ.

ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಡಿದ ದೊಡ್ಡ ತಪ್ಪು ಹರಿಹರದ್ದು. ಅದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು.

ನಿವೃತ್ತಿಗೆ ಎರಡು ವರ್ಷ ಇದ್ದಾಗ ನನ್ನನ್ನು ಹರಿಹರಕ್ಕೆ ಹಾಕಿದ್ದರು. ಅಲ್ಲಿ ಹೊಳೆಯ ಕಡೆಗಿರುವ ಒಂದು ಓಣಿಯಲ್ಲಿ ಹತ್ತು ಮನೆಯ ಹೆಂಗಸರ ಗುಂಪು ಕಟ್ಟಿ, ಮನೆಗೆ ಎರಡರಂತೆ ಗಂಡು ಮರಿ ಕೊಟ್ಟಿದ್ದೆವು. ಗುಂಪಿನ ಮುಖಂಡಳು ನಸೀಮಾ. ನಲವತ್ತು ದಾಟಿದ ಹೆಂಗಸು, ಅಣ್ಣನ ಜೊತೆ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಗಾಡಿ ನಡೆಸುತ್ತಿದ್ದಳು. ಓಣಿಯಲ್ಲಿ ಯಾರ ಮನೆಯ ರೇಷನ್ ಕಾರ್ಡು ತಪ್ಪಾದರೂ, ಯಾರ ಮಗುವಿಗೆ ಜ್ವರ ಬಂದರೂ ಮೊದಲು ಆಪಾ, ಅಂದರೆ ಅಕ್ಕ, ಎಂದು ನಸೀಮಾಳನ್ನು ಕೂಗುತ್ತಿದ್ದರು. ಆಡು ಸಾಕಲು ಒಲ್ಲೆ ಎಂದವರನ್ನು ಮನೆ ಮನೆಗೆ ಹೋಗಿ ಒಪ್ಪಿಸಿದ್ದೂ ಅವಳೇ.

"ಹೆಣ್ಮರಿ ಯಾಕ ಕೊಡಲಿಲ್ರಿ?" ಎಂದು ಮೊದಲ ದಿನವೇ ಕೇಳಿದಳು.

"ಸ್ಕೀಮಿನಾಗ ಗಂಡೇ ಐತೆ."

"ಹಂಗಾರೆ ಬಕ್ರೀದಿಗೆ ತಯಾರ್ ಮಾಡೋಣ ಬಿಡ್ರಿ" ಎಂದು ತನ್ನ ಪಾಲಿನ ಎರಡನ್ನು ಎತ್ತಿಕೊಂಡಳು. ಅದರಲ್ಲೊಂದು ಕಪ್ಪು ಮರಿಗೆ ಮಕಮಲ್ ಎಂದು ಹೆಸರಿಟ್ಟಳು.

ಬೆಳವಣಿಗೆ ಚೆನ್ನಾಗಿಯೇ ಇತ್ತು. ಪ್ರತಿ ಗುರುವಾರ ಬೆಳಿಗ್ಗೆ, ನೀರು ಕುಡಿಯುವ ಮೊದಲು, ಹೊಸ ಡಿಜಿಟಲ್ ಯಂತ್ರದಲ್ಲಿ ತೂಗುತ್ತಿದ್ದೆ. ಬಕ್ರೀದಿಗೆ ನಾಲ್ಕು ತಿಂಗಳು ಇರುವಾಗ ನಮ್ಮ ಸಾಹೇಬರು ವಾಟ್ಸ್ಯಾಪಿಗೆ ಒಂದು ಸುತ್ತೋಲೆ ಹಾಕಿದರು. ಸಭೆ ಕರೆದು ಓದಿ ಹೇಳಬೇಕು, ಫೋಟೊ ಕಳಿಸಬೇಕು ಎಂದು ಕೆಳಗೆ ಬರೆದಿದ್ದರು. ಆಹಾರದಲ್ಲಿ ಜಿಡ್ಡಿನ ಅಂಶ ಹೆಚ್ಚಿಸಿದರೆ ಹೋತಗಳು ಬೇಗ ಮೈ ಕೂಡುತ್ತವೆ ಎಂಬುದು ಮೊದಲ ಪುಟದ ಸಾರಾಂಶ. ಎಷ್ಟು ಹೆಚ್ಚಿಸಬೇಕು, ಜೊತೆಗೆ ನಾರು ಎಷ್ಟಿರಬೇಕು ಎಂಬುದು ಎರಡನೇ ಪುಟದಲ್ಲಿತ್ತು. ಎರಡನೇ ಪುಟ ನನ್ನ ಫೋನಿನಲ್ಲಿ ತೆರೆದಿರಲಿಲ್ಲ. ಅದೊಂದು ಇದೆ ಎಂಬುದನ್ನೂ ನಾನು ನೋಡಲಿಲ್ಲ.

ನಸೀಮಾಳ ಮನೆಯ ಮುಂದೆ ಚಾಪೆ ಹಾಸಿ ಹತ್ತೂ ಜನ ಕೂತರು. ನಾನು ನಿಂತು ಓದಿದೆ. ಓದಿ ಮುಗಿದ ಮೇಲೆ ಫೋಟೊಕ್ಕೆ ಎಲ್ಲರನ್ನೂ ಹತ್ತಿರ ಕೂರಿಸುವ ಗಡಿಬಿಡಿ. ಆಗ ನಸೀಮಾ ಕೇಳಿದಳು, "ಯಾವ ಎಣ್ಣಿ ಆದ್ರೂ ನಡೀತೈತೇನ್ರಿ ಡಾಕ್ಟ್ರಮ್ಮ?"

"ನಡೀತೈತೆ, ನಡೀತೈತೆ. ಇತ್ಲಾಗ ನೋಡ್ರಿ" ಎಂದೆ ನಾನು.

ಫೋಟೊದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದರು. ನನ್ನ ಕಣ್ಣು ಮಾತ್ರ ಮುಚ್ಚಿತ್ತು.

ಮೆಣಸಿನಕಾಯಿ ಕರಿಯುವ ಗಾಡಿಯಲ್ಲಿ ದಿನದ ಕೊನೆಗೆ ಬಾಣಲೆಯ ತಳದಲ್ಲಿ ಎಣ್ಣೆ ಉಳಿಯುತ್ತದೆ. ನಸೀಮಾ ಅದನ್ನು ಹಿಂದೆಲ್ಲ ಚೆಲ್ಲುತ್ತಿದ್ದಳು. ಈಗ ಡಬ್ಬಿಯಲ್ಲಿ ಹಿಡಿದಿಟ್ಟು ಬೆಳಿಗ್ಗೆ ಹತ್ತೂ ಮನೆಗೆ ಹಂಚತೊಡಗಿದಳು. ತನ್ನ ಗಾಡಿಯದು ಸಾಲದೆ ಪಕ್ಕದ ಗಾಡಿಯವರದನ್ನೂ ಕೇಳಿ ತಂದಳು. ಹೋತಕ್ಕೆ ಒಂದು ಲೋಟದಂತೆ ಮೆಕ್ಕೆಜೋಳದ ನುಚ್ಚಿಗೆ ಕಲಸಿ ಇಟ್ಟರೆ ಅವು ಬುಟ್ಟಿ ನೆಕ್ಕುವವರೆಗೆ ತಿನ್ನುತ್ತಿದ್ದವು. ಆ ರುಚಿ ಹತ್ತಿದ ಮೇಲೆ ಶೇಂಗಾ ಹೊಟ್ಟು ಮೂಸಿ ನೋಡಿ ಮುಖ ತಿರುಗಿಸಿದವು. ಸೊಪ್ಪಿಗೆ ಅಲೆಯುವುದು ತಪ್ಪಿತೆಂದು ಹೆಂಗಸರಿಗೂ ಸಮಾಧಾನವಾಯಿತು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನಾನು ಬರುವ ಹೊತ್ತಿಗೆ ಅವು ಇನ್ನೂ ಏನೂ ತಿಂದಿರುತ್ತಿರಲಿಲ್ಲ, ತೂಗಿ ಬರೆದುಕೊಂಡು ಹೊರಟುಬಿಡುತ್ತಿದ್ದೆ.

ಮೊದಲ ಮೂರು ವಾರ ತೂಕ ಏರಿತು. ಕೂದಲು ಮಿರಿಮಿರಿ ಮಿಂಚಿತು. ಮಕಮಲನ ಕತ್ತು ಹಿಡಿದು ನಿಂತ ನಸೀಮಾಳ ಫೋಟೊವನ್ನು ಸಾಹೇಬರು ಯಶೋಗಾಥೆ ಎಂದು ಮೇಲಕ್ಕೆ ಕಳಿಸಿದರು. ನಾಲ್ಕನೇ ವಾರ ತೂಕ ಅಲ್ಲೇ ನಿಂತಿತು. ಯಂತ್ರ ಕೆಟ್ಟಿರಬೇಕೆಂದು ಬ್ಯಾಟರಿ ಬದಲಿಸಿದೆ. ಐದನೇ ವಾರ ಇಳಿಯಿತು. ಆಗ ನಾನು ಏನು ಮಾಡಿದೆ ಗೊತ್ತೇ? ಜಂತುಹುಳದ ಔಷಧಿ ಕುಡಿಸಿದೆ. ಹದಡಿಯಲ್ಲಿ ಇಪ್ಪತ್ತೈದರ ವಯಸ್ಸಿನಲ್ಲಿ ಮಾಡಿದ್ದನ್ನೇ ಐವತ್ತೆಂಟರಲ್ಲೂ ಮಾಡಿದೆ.

ಮೂರನೇ ದಿನ ಬೆಳಿಗ್ಗೆ ನಸೀಮಾಳ ಫೋನು ಬಂತು.

"ಡಾಕ್ಟ್ರಮ್ಮ, ಕೌಸರ್ ಮನ್ಯಾಗ ಎರಡೂ ಹ್ವಾತ ಸತ್ತಾವು. ಉಳಿದವು ಹಂಗೇ ನಿಂತಾವ್ರಿ, ಬುಟ್ಟಿ ಇಟ್ರೂ ಮುಟ್ಟವಲ್ವು. ಬೇಗ ಬರ್ರಿ."

ಕೌಸರ್ ನಸೀಮಾಳ ಎದುರು ಮನೆಯವಳು, ಆಡು ಸಾಕಲು ಎಲ್ಲರಿಗಿಂತ ಹೆಚ್ಚು ಹಿಂಜರಿದಿದ್ದವಳು. ನಾನು ಹೋದಾಗ ಸತ್ತ ಹೋತಗಳ ಮೇಲೆ ಗೋಣಿ ಹೊದಿಸಿ ಪಕ್ಕದಲ್ಲೇ ಕೂತಿದ್ದಳು. ಉಳಿದ ಹದಿನೆಂಟೂ ತಲೆ ತಗ್ಗಿಸಿ ನಿಂತಿದ್ದವು. ಹಿಕ್ಕೆ ಹಿಕ್ಕೆಯಾಗಿರಲಿಲ್ಲ, ಜಿಡ್ಡು ಜಿಡ್ಡಾದ ಪೇಸ್ಟಿನಂತಿತ್ತು. ಡಾಕ್ಟರಿಗೆ ಫೋನು ಮಾಡಿ, ಅವರು ಬರುವವರೆಗೆ ಒಂದು ಕಲ್ಲಿನ ಮೇಲೆ ಕೂತು ಅವುಗಳ ಬಾಯಿ ನೋಡಿದೆ. ಅರ್ಧ ಗಂಟೆ ನೋಡಿದೆ. ಹದಿನೆಂಟರಲ್ಲಿ ಒಂದೂ ಅಗಿಯಲಿಲ್ಲ.

ಆಮೇಲೆ ಮೂಲೆಯಲ್ಲಿದ್ದ ಡಬ್ಬಿ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದರೆ ಕಪ್ಪಗೆ ಕಮಟು ವಾಸನೆ.

"ಇದೇನು ನಸೀಮಾ?"

"ನೀವು ಹೇಳಿದ್ದೇ ಅಲ್ರಿ, ಎಣ್ಣಿ."

"ಎಷ್ಟು ಹಾಕ್ತೀರಿ?"

"ಒಂದಕ್ಕೆ ಒಂದು ಲೋಟ."

"ಸೊಪ್ಪು? ಹೊಟ್ಟು?"

"ತಿನ್ನಾಂಗಿಲ್ಲ ಅವು. ಎಣ್ಣಿ ನುಚ್ಚು ಸಾಕು ಅಂತಾವು" ಎಂದಳು.

ನಿಮಗೆ ಸರಳವಾಗಿ ಹೇಳುತ್ತೇನೆ. ಆಡಿನ ದೊಡ್ಡ ಹೊಟ್ಟೆ ನಡೆಯುವುದು ನಾರಿನಿಂದ. ನಾರಿದ್ದರೆ ಮೆಲುಕು, ಮೆಲುಕಿದ್ದರೆ ಜೊಲ್ಲು, ಜೊಲ್ಲಿದ್ದರೆ ಹೊಟ್ಟೆಯ ಹುಳಿ ಹದದಲ್ಲಿರುತ್ತದೆ. ಸ್ವಲ್ಪ ಜಿಡ್ಡು ಮೈ ಬೆಳೆಸುತ್ತದೆ, ಅದು ಸುಳ್ಳಲ್ಲ. ಅತಿಯಾದ ಜಿಡ್ಡು ನಾರಿನ ಮೇಲೆ ಪದರ ಕಟ್ಟಿ ಸೂಕ್ಷ್ಮಜೀವಿಗಳನ್ನು ಹತ್ತಿರ ಬರಗೊಡುವುದಿಲ್ಲ, ಅವನ್ನು ಕೊಲ್ಲಲೂಬಹುದು. ಇಲ್ಲಿ ಜಿಡ್ಡು ಅತಿಯಾಗಿತ್ತು, ಕಾಳು ಅತಿಯಾಗಿತ್ತು, ನಾರು ಇರಲೇ ಇಲ್ಲ. ಎಣ್ಣೆಯೂ ಕರಿದು ಕರಿದು ಕೆಟ್ಟದ್ದು.

ಡಾಕ್ಟರು ಬಂದು ಅದನ್ನೇ ಹೇಳಿದರು. ಅಡುಗೆ ಸೋಡಾ ಕುಡಿಸಿದರು, ಚುಚ್ಚುಮದ್ದು ಕೊಟ್ಟರು. "ಹೊಟ್ಟೆ ಮತ್ತೆ ಶುರು ಆಗ್ಬೇಕಂದ್ರೆ ಒಳ್ಳೆ ಹೊಟ್ಟೆ ರಸ ಬೇಕು. ನಾಳೆ ಬೆಳಿಗ್ಗೆ ಮಟನ್ ಅಂಗಡಿಯಿಂದ ಬಿಸಿಬಿಸಿ ತರಿಸ್ರಿ" ಎಂದು ಹೋದರು.

ತರಿಸುವುದು ಯಾರಿಂದ? ನಾನೇ ಹೊರಟೆ. ಬಿಸಿ ಆರದಂತೆ ತರಲು ಮನೆಯಲ್ಲಿದ್ದುದು ನಮ್ಮತ್ತೆಯ ಕಾಫಿ ಫ್ಲಾಸ್ಕು ಒಂದೇ. ಯಾಕೆಂದು ಕೇಳಿದರು, ಸುಳ್ಳು ಹೇಳಲಾಗಲಿಲ್ಲ. "ತಗೊಂಡ್ ಹೋಗು. ಅದನ್ನ ಮತ್ತೆ ಈ ಹೊಸ್ತಿಲು ದಾಟಿಸಬ್ಯಾಡ" ಎಂದರು. ಫ್ಲಾಸ್ಕನ್ನು ಎರಡು ಸಲ ತೊಳೆದು ಕೊಟ್ಟವರು ಅವರೇ.

ಹರಿಹರದ ಖಾಸಿಂ ಸಾಬರ ಅಂಗಡಿಯ ಮುಂದೆ ಬೆಳಿಗ್ಗೆ ಆರಕ್ಕೆ ನಾನೂ ನಸೀಮಾನೂ ನಿಂತಿದ್ದೆವು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾಫಿ ಫ್ಲಾಸ್ಕು. ಮಾಂಸಕ್ಕೆ ಬಂದ ಗಂಡಸರೆಲ್ಲ ಒಮ್ಮೆ ನನ್ನ ಕಡೆ, ಒಮ್ಮೆ ಫ್ಲಾಸ್ಕಿನ ಕಡೆ ನೋಡಿದರು.

"ಏನ್ ಬೇಕ್ರಮ್ಮ? ಖೀಮಾನಾ?" ಎಂದರು ಖಾಸಿಂ ಸಾಬರು.

"ಬ್ಯಾಡ್ರಿ. ದೊಡ್ಡ ಹೊಟ್ಟಿಯೊಳಗಿನ ಮೇವು ಬೇಕು. ಬಿಸಿ ಇದ್ದಂಗೇ."

"ಯಾ ಅಲ್ಲಾ! ಮಾಂಸ ಬಿಟ್ಟು ಗೊಬ್ರ ಕೇಳೋರನ್ನ ಇವತ್ತೇ ನೋಡಿದ್ದು ನಾನು." ನಸೀಮಾ ಉರ್ದುವಿನಲ್ಲಿ ನಾಲ್ಕು ಮಾತು ಹೇಳಿದಳು. ಅವರ ನಗು ನಿಂತಿತು. ತಾವೇ ಕೈ ಹಾಕಿ ತೆಗೆದು, ನಸೀಮಾ ತಂದ ಬಟ್ಟೆಯಲ್ಲಿ ಹಿಂಡಿ ಫ್ಲಾಸ್ಕು ತುಂಬಿಸಿ ಕೊಟ್ಟರು. ಮತ್ತೆರಡು ದಿನ ನಾವು ಬರುವ ಮೊದಲೇ ಸಿದ್ಧ ಇಟ್ಟಿದ್ದರು.

ಒಂದೊಂದು ಹೋತದ ತಲೆಯನ್ನು ತೀರಾ ಮೇಲೆತ್ತದೆ, ರಸ ಶ್ವಾಸಕ್ಕೆ ಹೋಗದಂತೆ, ನಿಧಾನವಾಗಿ ಕುಡಿಸಿದೆವು. ನಾನು ದವಡೆ ಹಿಡಿದರೆ ನಸೀಮಾ ಬಾಟಲಿ ಹಿಡಿಯುತ್ತಿದ್ದಳು. ಎಣ್ಣೆ, ನುಚ್ಚು ಪೂರ್ತಿ ಬಂದ್ ಮಾಡಿ, ಬೇವಿನ ಸೊಪ್ಪು, ಶೇಂಗಾ ಹೊಟ್ಟು ಮಾತ್ರ ಮುಂದಿಟ್ಟೆವು. ಮೂರನೇ ದಿನ ಮಧ್ಯಾಹ್ನ ಮಕಮಲನ ದವಡೆ ಪಕ್ಕಕ್ಕೆ ಸರಿಯಿತು. ಮತ್ತೆ ಸರಿಯಿತು. ನನಗೆ ಅಳು ಬಂತು. ಮೂವತ್ತು ವರ್ಷದಲ್ಲಿ ಪ್ರಾಣಿಗಳು ಸತ್ತಾಗ ಅತ್ತವಳಲ್ಲ ನಾನು, ಒಂದು ಹೋತ ಅಗಿದದ್ದನ್ನು ನೋಡಿ ಅತ್ತೆ. ಹದಿನೆಂಟೂ ಉಳಿದವು. ಬಕ್ರೀದಿನ ಹೊತ್ತಿಗೆ ಕಳೆದುಕೊಂಡ ಮೈಯನ್ನು ಹೆಚ್ಚು ಕಡಿಮೆ ತುಂಬಿಕೊಂಡವು.

ಆದರೆ ಓಣಿಯಲ್ಲಿ ಬೇರೆಯೇ ಕಾಯಿಲೆ ಹತ್ತಿಕೊಂಡಿತ್ತು. ಹೋತಗಳು ಚೇತರಿಸಿಕೊಳ್ಳುತ್ತಿದ್ದ ದಿನವೇ ಕೌಸರ್ ನನ್ನ ಎದುರಿಗೇ ನಸೀಮಾಳಿಗೆ ಅಂದಳು, "ಎಣ್ಣಿ ತಂದು ಕೊಟ್ಟಾಕಿ ನೀನು. ನಿನ್ನವು ಬದುಕಿದ್ವು, ನನ್ನವು ಹೋದ್ವು. ನಿನ್ನವಕ್ಕ ನೀನು ಹಾಕಿದ್ಯೋ ಇಲ್ಲೋ ಯಾರಿಗ್ಗೊತ್ತು?" ನಸೀಮಾ ಹಾಕಿದ್ದಳು. ಅವಳ ಹೋತಗಳು ಬಾಗಿಲ ಬೇವಿನ ಮರಕ್ಕೆ ಕಟ್ಟಿದ್ದರಿಂದ ತೊಗಟೆ, ಉದುರಿದ ಎಲೆ ಕಡ್ಡಿ ತಿಂದುಕೊಂಡು ಅಷ್ಟು ನಾರು ಹೊಟ್ಟೆಗೆ ಹಾಕಿಕೊಂಡಿದ್ದವು. ಅದು ನನಗೆ ಗೊತ್ತಿತ್ತು. ಎಣ್ಣೆಯ ಮಾತು ಯಾರ ಬಾಯಿಂದ ಬಂದದ್ದು ಎಂಬುದೂ ಗೊತ್ತಿತ್ತು. ನಾನು ಯಂತ್ರ ಮಡಚುತ್ತ ಸುಮ್ಮನಿದ್ದೆ. ಆ ವಾರದಿಂದ ನಸೀಮಾ ಕೂಗಿದರೆ ಹೆಂಗಸರು ಓಗೊಡಲಿಲ್ಲ. ಆಪಾ ಎಂದು ಯಾರೂ ಅವಳ ಬಾಗಿಲಿಗೆ ಬರಲಿಲ್ಲ.

ಸಾಹೇಬರಿಗೆ ಬೇರೆ ಚಿಂತೆ. ಯಶೋಗಾಥೆ ಮೇಲೆ ಹೋಗಿಯಾಗಿತ್ತು.

"ನೋಡ್ರಿ ಮೇಡಂ, ಸಾವಿನ ವರದಿ ಹೋಗ್ಲೇಬೇಕು. ಫಲಾನುಭವಿಗಳು ಇಲಾಖೆ ಸೂಚನೆ ಪಾಲಿಸ್ಲಿಲ್ಲ ಅಂತ ಬರೀರಿ. ಮುಖಂಡಳ ಸಹಿ ತಗೊಳ್ರಿ, ಮುಗೀತು."

"ಹಂಗ್ ಬರೆದ್ರೆ ಆ ಗುಂಪಿಗೆ ಮುಂದಿನ ಮರಿ ಸಿಗಲ್ಲ ಸಾರ್. ಮುಖಂಡಳನ್ನೂ ತೆಗೀತಾರೆ."

"ನಿಮ್ಮನ್ನ ತೆಗೆಯೋದಕ್ಕಿಂತ ವಾಸಿ ಅಲ್ವಾ?"

ಕೆಟ್ಟ ಮನುಷ್ಯರಲ್ಲ ಅವರು. ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದರು. ನಾನೂ ಉಳಿಯಲೆಂದೇ ಹಾಗೆ ಬರೆದೆ.

ಮರುದಿನ ಮಧ್ಯಾಹ್ನ ಕಾಗದ ಹಿಡಿದು ನಸೀಮಾಳ ಮನೆಗೆ ಹೋದೆ. ಸಂಜೆಯ ಗಾಡಿಗೆಂದು ಮೆಣಸಿನಕಾಯಿ ಸೀಳುತ್ತ ಕೂತಿದ್ದಳು. ಒಂದು ಸಹಿ ಬೇಕಿತ್ತು ಎಂದೆ.

"ಓದ್ರಿ, ಏನ್ ಬರ್ದೈತೆ ಅಂತ. ನಂಗೆ ಕನ್ನಡ ಓದೋದು ನಿಧಾನ."

ಏನಾದರೊಂದು ಹೇಳಿ ಸಹಿ ಹಾಕಿಸಬಹುದಿತ್ತು. ಅಷ್ಟರ ಮಟ್ಟಿಗೆ ಇಳಿಯಲಿಲ್ಲ ಎಂಬುದೊಂದೇ ನನ್ನ ಪರವಾಗಿ ಹೇಳಬಹುದಾದ ಮಾತು. ಬರೆದದ್ದನ್ನು ಬರೆದ ಹಾಗೆ ಓದಿದೆ. "ಗುಂಪಿನ ಮುಖಂಡಳು ಹಾಗೂ ಸದಸ್ಯರು ಇಲಾಖೆಯ ಸೂಚನೆಯನ್ನು ಪಾಲಿಸದ ಕಾರಣ..."

ಅವಳು ಸೀಳುವುದನ್ನು ನಿಲ್ಲಿಸಲಿಲ್ಲ. ನಾಲ್ಕೈದು ಕಾಯಿ ಸೀಳಿದಳು. ಆಮೇಲೆ ಕೈ ಒರೆಸಿಕೊಂಡು ನನ್ನನ್ನು ನೋಡಿದಳು.

"ಪಾಲಿಸ್ಲಿಲ್ಲ ಅಂತ ಯಾಕ ಬರ್ದೀರಿ ಡಾಕ್ಟ್ರಮ್ಮ? ಪಾಲಿಸಿದ್ದಕ್ಕೇ ಅಲ್ಲೇನ್ರಿ ಹಿಂಗಾದದ್ದು?"

ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನಾಚಿಕೆಯಿಂದ ನನಗೆ ಕಿವಿಯವರೆಗೆ ಬಿಸಿಯಾಯಿತು. ಅವಳು ಪೆನ್ನಿಗೆ ಕೈ ಚಾಚಿ, "ಕೊಡ್ರಿ, ನಿಮ್ಮ ನೌಕ್ರಿಗೆ ತೊಂದ್ರಿ ಆಗೋದಿದ್ರೆ ಹಾಕ್ತೀನಿ. ಓಣಿಯಾಗ ಹೆಂಗೂ ನನ್ನ ಮಾತು ನಡೆಯಂಗಿಲ್ಲ ಈಗ" ಎಂದಳು. ನಾನು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದೆ.

ಆಫೀಸಿಗೆ ಹೋಗಿ, ಸುತ್ತೋಲೆಯ ಎರಡನೇ ಪುಟವನ್ನೂ ಓದಿಕೊಂಡು ಬೇರೆ ವರದಿ ಬರೆದೆ. ನಾನು ಕೊಟ್ಟ ಸೂಚನೆ ಅಪೂರ್ಣವಾಗಿತ್ತು, ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ, ಸದಸ್ಯರು ಅದನ್ನು ಚಾಚೂ ತಪ್ಪದೆ ಪಾಲಿಸಿದರು ಎಂದು ಮೂರು ಸಾಲು. ಸಾಹೇಬರು ಓದಿ ಕನ್ನಡಕ ತೆಗೆದಿಟ್ಟು, "ಯಾಕ ಬೇಕಿತ್ರಿ ನಿಮಗೆ?" ಎಂದರು. ನೋಟೀಸು ಬಂತು, ಉತ್ತರ ಕೊಟ್ಟೆ, ಮುಂದಿನದು ಬಡ್ತಿಯ ಕಥೆಯಾದ್ದರಿಂದ ಬಿಡುತ್ತೇನೆ. ಗುಂಪಿನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಆದರೆ ಫೈಲಿನಲ್ಲಿ ಬರೆದದ್ದು ಓಣಿಗೆ ತಲುಪುವುದಿಲ್ಲ. ಮುಂದಿನ ಗುರುವಾರ ತೂಕ ಮುಗಿದ ಮೇಲೆ ಎಲ್ಲರನ್ನೂ ಕೂರಲು ಹೇಳಿದೆ. ಚಾಪೆಯ ಮೇಲೆ ಒಂಬತ್ತು ಜನ ಕೂತರು, ಕೌಸರ್ ಕೂಡ. ಅವಳ ಪಾಲಿಗೆ ತೂಗಲು ಏನೂ ಇರಲಿಲ್ಲ, ಆದರೂ ಬಂದಿದ್ದಳು. ನಸೀಮಾ ತನ್ನ ಮನೆಯ ಮುಂದೆಯೇ, ಬಾಗಿಲಿಗೆ ಒರಗಿ ನಿಂತಿದ್ದಳು. ಕೂಡು ಎಂದು ಯಾರೂ ಅನ್ನಲಿಲ್ಲ.

"ತಪ್ಪು ನಂದು" ಎಂದೆ. "ಯಾವ ಎಣ್ಣಿ ಅಂತ ನಸೀಮಾ ಕೇಳಿದ್ಲು, ನೀವೆಲ್ಲ ಇದ್ರಿ. ಫೋಟೊ ತೆಗಿಸ್ಕೊಳ್ಳೋ ಗಡಿಬಿಡ್ಯಾಗ ಯಾವುದಾದ್ರೂ ನಡೀತೈತೆ ಅಂದವಳು ನಾನು. ಎಷ್ಟು ಅಂತ ನಾನು ಹೇಳ್ಲಿಲ್ಲ, ನಂಗೇ ಗೊತ್ತಿರ್ಲಿಲ್ಲ. ಅಕಿ ಹ್ವಾತಕ್ಕೂ ನಿಮ್ಮಷ್ಟೇ ಎಣ್ಣಿ ಬಿದ್ದೈತೆ. ಮರದ ತೊಗಟಿ ತಿಂದು ಅವು ಉಳಿದ್ವು, ಅಷ್ಟೇ."

ಕೌಸರ್ ತಲೆ ಎತ್ತಿದಳು.

"ನೀವು ತಪ್ಪು ಅಂದ್ರೆ ನನ್ನವು ಎದ್ದು ಬರ್ತಾವೇನ್ರಿ?"

"ಇಲ್ಲ ಕೌಸರ್."

ಅವಳು ನನ್ನನ್ನೇ ನೋಡಿದಳು. ಆ ನೋಟವನ್ನು ತಡೆದುಕೊಳ್ಳುವುದು ನೋಟೀಸಿಗೆ ಉತ್ತರ ಬರೆದಷ್ಟು ಸುಲಭವಾಗಿರಲಿಲ್ಲ. ಆಮೇಲೆ ಅವಳು ಒಂದು ಮೊಳ ಪಕ್ಕಕ್ಕೆ ಸರಿದು, ಬಾಗಿಲ ಕಡೆ ತಿರುಗದೆಯೇ, "ನಿಂತೀ ಯಾಕ ಆಪಾ? ಕೂಡು" ಎಂದಳು.

ನಸೀಮಾ ಬಂದು ಆ ಜಾಗದಲ್ಲಿ ಕೂತಳು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಈಗ ಹೇಳ್ರಿ ಡಾಕ್ಟ್ರಮ್ಮ, ಮೊದ್ಲಿಂದ. ಒಂದು ಹ್ವಾತಕ್ಕ ಎಣ್ಣಿ ಎಷ್ಟು?"

"ಎರಡು ಚಮಚ, ಅದೂ ಹೊಸಾದು. ಸೊಪ್ಪು ಹೊಟ್ಟು ಮಾತ್ರ ಹೊಟ್ಟಿ ತುಂಬ" ಎಂದು ಶುರುಮಾಡಿದೆ. ಎರಡೂ ಪುಟ ಹೇಳಿ ಮುಗಿಸಲು ಒಂದು ಗಂಟೆ ಹಿಡಿಯಿತು. ಮನೆಯಲ್ಲಿ ಒಂದೂ ಹೋತ ಉಳಿಯದ ಕೌಸರ್ ಕೊನೆಯವರೆಗೂ ಎದ್ದು ಹೋಗಲಿಲ್ಲ.